ಮಿಂಚು ಬಂದ ಮೇಲೆ ಗಂಟು

ಅತ್ತೆಯ ಬಲಗಣ್ಣಿನ ಸುತ್ತ ಒಂದು ಗುರುತಿದೆ. ಗುಂಡಗೂ ಇಲ್ಲದ, ಚೌಕವೂ ಅಲ್ಲದ, ಯಾರೋ ಬಿಸ್ಕತ್ತನ್ನು ಮುಖಕ್ಕೆ ಒತ್ತಿ ತೆಗೆದಂಥ ಗುರುತು. ಮದುವೆಗಳ ಕಾಲದಲ್ಲಿ ಅದು ಕೆಂಪಗಿರುತ್ತದೆ, ಆಷಾಢದಲ್ಲಿ ಮಾಸುತ್ತದೆ, ಶ್ರಾವಣ ಬಂತೆಂದರೆ ಮತ್ತೆ ಮೂಡುತ್ತದೆ. ಚಿಕ್ಕವನಾಗಿದ್ದಾಗ ನಾನು ಅದನ್ನು ಹುಟ್ಟುಮಚ್ಚೆ ಅಂದುಕೊಂಡಿದ್ದೆ. ನನಗೂ ಇರಲಿ ಎಂದು ಒಮ್ಮೆ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಕಣ್ಣಿಗೆ ಒತ್ತಿಕೊಂಡು ಮಲಗಿದೆ. ಬೆಳಿಗ್ಗೆ ಕಣ್ಣು ಊದಿಕೊಂಡು, ಪಕ್ಕದ ಮನೆಯ ಎಮ್ಮೆಯನ್ನು ಅಮ್ಮಾ ಎಂದು ಕರೆದೆನಂತೆ. ಎಮ್ಮೆ ಓಗೊಟ್ಟಿತು ಎನ್ನುವುದು ಮಾತ್ರ ನಾನು ಆಮೇಲೆ ಸೇರಿಸಿಕೊಂಡದ್ದು.

ಆ ಗುರುತು ಕ್ಯಾಮೆರಾದ ಕಿಂಡಿಯ ಸುತ್ತಲಿನ ರಬ್ಬರಿನದು. ಎಲ್ಲರೂ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುತ್ತಾರೆ. ಅತ್ತೆ ಕಣ್ಣನ್ನು ಕ್ಯಾಮೆರಾಕ್ಕೆ ಹೊಲಿಯುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಹುಟ್ಟಿದ್ದು ಮಡಕಶಿರದ ನಮ್ಮ ಮನೆಯಲ್ಲಿ, ಮದುವೆಯಾಗಿ ಹೋದದ್ದು ರಾಯದುರ್ಗಕ್ಕೆ. ಅಲ್ಲಿಗೆ ಹೋದ ಮೇಲೆ ಅವಳ ಮಾತಿನ ಕೊನೆಗೆಲ್ಲ 'ರಿ' ಬಂದು ಕೂತಿತು. ಸಿಟ್ಟು ಬಂದಾಗ ಮಾತ್ರ ಅದು ಉದುರಿ, ತೌರಿನ 'ಲಾ' ಹೊರಗೆ ಬರುತ್ತದೆ. ನನ್ನನ್ನು ನೋಡಿ "ಬಾರಪ್ಪ, ಕುಂದ್ರು" ಎಂದರೆ ಮನೆ ಸುಖವಾಗಿದೆ ಎಂದರ್ಥ. "ಏನ್ಲಾ, ಬಂದ್ಯಾ?" ಎಂದರೆ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಿರುವುದು ಒಳ್ಳೆಯದು.

ಅವಳಿರುವ ಓಣಿಯಲ್ಲಿ ಯಾವ ಮನೆಗೆ ಕಿವಿಗೊಟ್ಟರೂ ಹೊಲಿಗೆ ಯಂತ್ರದ ಸದ್ದು. ಒಂದು ಜೀನ್ಸ್ ಪ್ಯಾಂಟು ಆ ತುದಿಯ ಮನೆಯಲ್ಲಿ ಬರೀ ಬಟ್ಟೆಯಾಗಿ ಹೊರಟು, ಮನೆಯಿಂದ ಮನೆಗೆ ಹೋಗುತ್ತ, ಈ ತುದಿಯಲ್ಲಿ ಪ್ಯಾಂಟಾಗಿ ಹೊರಬೀಳುತ್ತದೆ. ಮಾವ ಜಿಪ್ಪು ಕೂರಿಸುತ್ತಾನೆ, ಅತ್ತೆ ಹಿಂದಿನ ಜೇಬು ಹಚ್ಚುತ್ತಾಳೆ. ಆ ಬಟ್ಟೆಯ ಬಣ್ಣ ಹತ್ತಿ ಅವಳ ತೋರುಬೆರಳು ಯಾವಾಗಲೂ ನೀಲಿ. ಆ ಬೆರಳು ಒತ್ತಿ ಒತ್ತಿ ಕ್ಯಾಮೆರಾದ ಗುಂಡಿಯೂ ನೀಲಿ. ಕ್ಯಾಮೆರಾದ ಪಟ್ಟಿ ಜೀನ್ಸಿನದು, ಚೀಲ ಜೀನ್ಸಿನದು, ಚೀಲದ ಜಿಪ್ಪು ಮಾವನ ಕಾಣಿಕೆ.

ಕ್ಯಾಮೆರಾ ಒಂದು ಹಳೆಯ ಡಿಎಸ್ಎಲ್ಆರ್. ಹೊಸದಾಗಿ ಕಲಿಯುವವರು ಕಲಿತು ಬಿಸಾಡಲಿ ಎಂದು ಕಂಪನಿಯವರು ಮಾಡಿದ್ದು. ಮಾವನ ಕಡೆಯ ಹುಡುಗನೊಬ್ಬ ಕಲಿಯದೆಯೇ ಬಿಸಾಡಿದ, ಅತ್ತೆ ಎತ್ತಿಕೊಂಡಳು. ಅದರೊಳಗೆ ಒಂದು ಪುಟ್ಟ ಕನ್ನಡಿ ಇದೆ. ಗುಂಡಿ ಒತ್ತಿದರೆ ಆ ಕನ್ನಡಿ ಎದ್ದು ಬೀಳುತ್ತದೆ, ಪಕ್ಕದ ಓಣಿಗೆ ಕೇಳುವ ಹಾಗೆ ಟಕ್ ಅನ್ನುತ್ತದೆ. ತಲೆಯ ಮೇಲೆ ಕಪ್ಪೆ ಕಣ್ಣು ಬಿಟ್ಟಂತೆ ಒಂದು ಫ್ಲ್ಯಾಶ್ ಎದ್ದು ನಿಂತು ಫಳ್ ಅನ್ನುತ್ತದೆ. ಅತ್ತೆ ಅದನ್ನು ಮಿಂಚು ಎಂದೇ ಕರೆಯುವುದು.

ಅವಳು ಮೊದಲು ತೆಗೆದದ್ದು ಪ್ಯಾಂಟುಗಳ ಫೋಟೋ. ಹೊಲಿದ ಮಾಲನ್ನು ಹಗ್ಗಕ್ಕೆ ನೇತುಹಾಕಿ ಫೋಟೋ ತೆಗೆದು ವ್ಯಾಪಾರಿಗಳಿಗೆ ಕಳಿಸುವ ಕೆಲಸ. ಆ ಅಭ್ಯಾಸ ಬಿಡಲಿಲ್ಲ. ಆಮೇಲೆ ಮದುವೆಗಳಿಗೆ ಹೋಗತೊಡಗಿದಾಗ ಮನುಷ್ಯರನ್ನೂ ಹಾಗೆಯೇ ತೆಗೆದಳು: ಎಲ್ಲರೂ ಒಂದೇ ಸಾಲು, ಕಾಲು ಜೋಡಿಸಿ, ಹಗ್ಗಕ್ಕೆ ಸಿಗಿಸಿದ ಹಾಗೆ ನೆಟ್ಟಗೆ. ಅತ್ತೆಯ ಆಲ್ಬಮ್ಮಿನಲ್ಲಿ ಯಾರೂ ಸೊಟ್ಟಗಿಲ್ಲ, ಯಾರೂ ನಗುವುದಿಲ್ಲ.

ಆದರೂ ಹೆಂಗಸರು ಅವಳೇ ಬೇಕು ಅನ್ನುತ್ತಿದ್ದರು. ಅವಳ ಚೀಲದಲ್ಲಿ ಬ್ಯಾಟರಿಯ ಜೊತೆ ಸೂಜಿ, ದಾರ, ಒಂದು ಹಿಡಿ ಪಿನ್ನು. ರವಿಕೆಯ ಹುಕ್ಕು ಕಿತ್ತರೆ ನಿಂತಲ್ಲೇ ಹೊಲಿದುಕೊಟ್ಟು, ಅದೇ ಕೈಯಲ್ಲಿ ಫೋಟೋ ತೆಗೆಯುತ್ತಿದ್ದಳು. ಬೇರೆ ಫೋಟೋಗ್ರಾಫರ್ ಆದರೆ "ಸೆರಗು ಸರಿಮಾಡ್ಕೊಳ್ಳಿ ಮೇಡಂ" ಎಂದು ದೂರ ನಿಂತು ಕೂಗಬೇಕು. ಅತ್ತೆ ಹೋಗಿ ಎಳೆದು, ಪಿನ್ನು ಹಾಕಿ, ಬೆನ್ನಿಗೆ ಒಂದು ಗುದ್ದು ಕೊಟ್ಟು ನಿಲ್ಲಿಸಿ ಬರುತ್ತಿದ್ದಳು.

ಆಮೇಲೆ ಅವಳ ಹುಕುಂ: "ಉಸುರು ಹಿಡೀರಿ."

ಎಲ್ಲರೂ ಹಿಡಿಯುತ್ತಿದ್ದರು. ಟಕ್.

"ಬಿಡ್ರಿ."

ಎಲ್ಲರೂ ಬಿಡುತ್ತಿದ್ದರು. ರಾಯದುರ್ಗದಿಂದ ಡಿ. ಹಿರೇಹಾಳ್ ತನಕ ಎಷ್ಟು ಬಳಗಗಳು ಈ ಅಪ್ಪಣೆಯ ಮೇಲೆ ಉಸಿರಾಡಿವೆಯೋ ಲೆಕ್ಕವಿಲ್ಲ.

ಇದಕ್ಕಿಂತ ಕಟ್ಟುನಿಟ್ಟಾದ ಇನ್ನೊಂದು ನಿಯಮವಿತ್ತು, ಅದು ಮದುಮಗನಿಗೆ. ಶುರುವಿನ ಒಂದು ಮದುವೆಯಲ್ಲಿ ಮದುಮಗ ಬಸ್ಸು ತಪ್ಪುತ್ತದೆ ಅನ್ನುವವನ ಹಾಗೆ ತಾಳಿ ಕಟ್ಟಿ ಮುಗಿಸಿದ್ದನಂತೆ. ಅತ್ತೆ ಕಣ್ಣು ಕಿಂಡಿಗಿಡುವಷ್ಟರಲ್ಲಿ ಅಕ್ಷತೆ ನೆಲದ ಮೇಲಿತ್ತು. ಆ ಆಲ್ಬಮ್ಮಿನಲ್ಲಿ ಮುಹೂರ್ತದ ಫೋಟೋವೇ ಇಲ್ಲ. ಅಂದಿನಿಂದ ಅವಳು ಪ್ರತಿ ಮದುಮಗನ ಕಿವಿಯ ಹತ್ತಿರ ಹೋಗಿ ಹೇಳುತ್ತಿದ್ದಳು. "ನೋಡಪ್ಪ, ತಾಳಿ ಹಿಡ್ಕಂಡು ಹುಡುಗಿ ಕಡೀಗೆ ನೋಡು. ಆದ್ರ ಮಿಂಚು ಬರೋತನಕ ಗಂಟು ಹಾಕಬ್ಯಾಡ." ವಾಲಗದ ಗದ್ದಲದಲ್ಲಿ ಟಕ್ ಕೇಳಿಸುವುದಿಲ್ಲ, ಅದಕ್ಕೆ ಮಿಂಚು. ಮದುಮಗಂದಿರು ಪಾಲಿಸಿದರು. ಆ ಓಣಿಯ ಮಕ್ಕಳು ಮದುವೆಯಾಟ ಆಡುವಾಗಲೂ ಒಬ್ಬ ಅಂಗೈ ಬಿಚ್ಚಿ ಫಳ್ ಅನ್ನಬೇಕು, ಆಮೇಲೆಯೇ ಗಂಟು.

ಇನ್ನು ನನ್ನ ವಿಷಯ. ಹಿಂದೂಪುರದಲ್ಲಿ ಕಂಪ್ಯೂಟರ್ ಕಲಿಯಲು ಹೋಗಿ ಕೇರಂ ಕಲಿತು ಬಂದವನು ನಾನು. ಪಾವಗಡದಲ್ಲಿ ಮೊಬೈಲ್ ಅಂಗಡಿಗೆ ಸೇರಿ, ರಿಪೇರಿಗೆ ಬಂದ ಫೋನುಗಳನ್ನು ಪೂರ್ತಿ ರಿಪೇರಿಯಿಂದಾಚೆಗೆ ದಾಟಿಸಿದವನು. ಆ ವರ್ಷ ನಮ್ಮ ಮನೆಯ ರೇಷ್ಮೆ ಗೂಡು ಚೆನ್ನಾಗಿ ಬಂದಿತ್ತು. ಹುಳುಗಳೇ ಇಷ್ಟು ಕೆಲಸ ಮಾಡುವಾಗ ಮಗನೂ ಏನಾದರೂ ಮಾಡಲಿ ಎಂದು ಅಪ್ಪ ನನಗೊಂದು ಕ್ಯಾಮೆರಾ ಕೊಡಿಸಿದ. ಅದು ದೊಡ್ಡ ದೊಡ್ಡ ಪ್ರೊಫೆಷನಲ್‌ಗಳು ಹಿಡಿಯುವ ಮಿರರ್‌ಲೆಸ್. ಅದನ್ನು ಕುತ್ತಿಗೆಗೆ ಹಾಕಿಕೊಂಡು, ಮಗುವನ್ನು ಆಸ್ಪತ್ರೆಯಿಂದ ತರುವವನ ಹಾಗೆ ಎರಡೂ ಕೈಯಲ್ಲಿ ಅಪ್ಪಿಕೊಂಡು, ನಾನು ಬಸ್ಸಿನಲ್ಲಿ ರಾಯದುರ್ಗಕ್ಕೆ ಹೋದೆ. ಅತ್ತೆಯ ಡಬ್ಬಕ್ಕೂ ನನ್ನ ರಾಜಕುಮಾರನಿಗೂ ಒಂದು ಪಂದ್ಯ ಆಗಲಿ ಎಂದು.

ಪಂದ್ಯ ನಡೆದದ್ದು ಮಾಳಿಗೆಯ ಮೇಲೆ, ಒಣಗಲು ಹಾಕಿದ ಪ್ಯಾಂಟುಗಳ ನಡುವೆ. ಮಾವನನ್ನು ನಿಲ್ಲಿಸಿದೆವು.

"ಇದರಾಗೆ ಕನ್ನಡಿ ಇಲ್ಲ ಅತ್ತೆ" ಎಂದೆ.

"ಯಾಕ ತಗದ್ರು? ಒಡದಿತ್ತೇನು?"

ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದಳು. "ಇದರಾಗ ನಿಮ್ಮ ಮಾವ ಟಿವ್ಯಾಗ ಬಂದಂಗ ಕಾಣ್ತಾನ."

"ಯಾವ ಚಾನಲ್ಲು?" ಎಂದ ಮಾವ, ಕದಲದೆ.

"ಸುಮ್ನಿರ್ರಿ. ನನ್ನ ಕಿಂಡ್ಯಾಗ ಮನಶಾನ ಕಾಣ್ತಾನ. ಇದರಾಗ ಫೋಟೋ ತಗಿಯೂ ಮುಂಚೇನ ಅವನ ಫೋಟೋ ಕಾಣ್ತೈತಿ. ಹಂಗಾರ ನಾ ತಗಿಯೂದು ಏನು?"

ನಾನು ನಕ್ಕು, ಇದು ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಹೇಳಿ ಗುಂಡಿ ಒತ್ತಿದೆ. ಹುಡುಕಿತು. ಮಾವನ ಹಿಂದೆ, ಆಚೆಗೆ ಕಟ್ಟುತ್ತಿದ್ದ ಮನೆಗೆ ತೂಗುಹಾಕಿದ್ದ ದೃಷ್ಟಿಬೊಂಬೆಯ ಕಣ್ಣು ಸಿಕ್ಕಿತು. ಬೊಂಬೆಯ ಹಲ್ಲುಹಲ್ಲೂ ಸ್ಪಷ್ಟ, ಮಾವ ಮಾತ್ರ ಹೊಗೆ. ಅದರ ಕಣ್ಣು ದೊಡ್ಡದಿತ್ತು, ಅದಕ್ಕೆ ಎಂದು ಸಮಜಾಯಿಷಿ ಕೊಟ್ಟೆ. ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಕಣ್ಣು ಅಗಲಿಸಿ ಇನ್ನೊಮ್ಮೆ ನಿಂತ.

ಆಮೇಲೆ ಕೆಳಗೆ ದಾರದುಂಡೆಗಳನ್ನಿಡುವ ಕತ್ತಲೆ ಕೋಣೆಗೆ ಹೋದೆವು. ಅಲ್ಲಿ ನನ್ನದು ಗೆದ್ದಿತು. ಅತ್ತೆಯ ಕ್ಯಾಮೆರಾ ಮಿಂಚಿಲ್ಲದೆ ತೆಗೆದ ಫೋಟೋ ಉಪ್ಪಿಟ್ಟಿನ ರವೆ ಚೆಲ್ಲಿದ ಹಾಗಿತ್ತು. ನನ್ನದರಲ್ಲಿ ದಾರದ ಎಳೆಗಳನ್ನೂ ಎಣಿಸಬಹುದಿತ್ತು. ಅತ್ತೆ ಬಹಳ ಹೊತ್ತು ನೋಡಿ, "ಕತ್ತಲದಾಗ ನಿಂದು ದೊಡ್ಡದಪ್ಪ. ಒಪ್ಪಿದೆ" ಎಂದಳು. ಹೊಟ್ಟೆಕಿಚ್ಚೇ ಇಲ್ಲದ ಮಾತು. ಸಂಜೆಯ ಹೊತ್ತಿಗೆ ನನ್ನ ಬ್ಯಾಟರಿ ಸತ್ತು, ಅವಳದು ಇನ್ನೂ ಬೆಳಗಿನ ಹುರುಪಿನಲ್ಲೇ ಇದ್ದಾಗಲೂ ಅವಳು ಅಣಕಿಸಲಿಲ್ಲ. ನನ್ನ ಕ್ಯಾಮೆರಾದ ತಲೆಯನ್ನು ಸವರಿ ಸವರಿ ಏನನ್ನೋ ಹುಡುಕುತ್ತಿದ್ದಳು.

"ಮಿಂಚು ಎಲ್ಲೈತಿ?"

"ಇದಕ್ಕೆ ಬೇಕಾಗಿಲ್ಲ ಅತ್ತೆ. ದೊಡ್ಡ ಕ್ಯಾಮೆರಾಗೆ ಅದು ಇಟ್ಟಿರಲ್ಲ."

"ಸಪ್ಪಳಾನೂ ಇಲ್ಲಲ್ಲ?"

"ಬೇಕೂಂತ ನಿಲ್ಲಿಸಿರೋದು. ತೆಗೆದಿದ್ದು ಯಾರಿಗೂ ಗೊತ್ತಾಗಬಾರದು."

"ಸಪ್ಪಳಿಲ್ಲ, ಬೆಳಕಿಲ್ಲ. ಉಸುರು ಹಿಡ್ದೋರು ಯಾವಾಗ ಬಿಡಬೇಕು?"

ಅದೊಂದು ಹಳ್ಳಿಯ ಪ್ರಶ್ನೆ ಎಂದು ನಾನು ನಕ್ಕೆ. ಆ ನಗುವಿಗೆ ಸಿಗಬೇಕಾದ್ದು ಮುಂದಿನ ತಿಂಗಳು ಮಡಕಶಿರದಲ್ಲಿ ಸಿಕ್ಕಿತು.

ಅಲ್ಲಿ ಅತ್ತೆಯ ಶಾಲೆಯ ಗೆಳತಿಯ ಮಗಳ ಮದುವೆ. ಹುಡುಗ ರಾಯದುರ್ಗದ ಕಡೆಯವನು. ಗೆಳತಿ ಅತ್ತೆಯನ್ನೇ ಫೋಟೋಗೆ ಕರೆಯಬೇಕು ಎಂದಳು. ಆದರೆ ನಾನಿನ್ನೂ ರಾಯದುರ್ಗದಲ್ಲಿದ್ದಾಗಲೇ ಮದುಮಗಳ ದೊಡ್ಡಪ್ಪ ಫೋನು ಮಾಡಿದ. "ಹಳೇ ಡಬ್ಬಾ ಬ್ಯಾಡ ಕಣಮ್ಮ. ಹೊಸಾ ಕ್ಯಾಮೆರಾ ಇದ್ರೆ ಬಾ. ಇಲ್ಲಾಂದ್ರೆ ಹಿಂದೂಪುರದಿಂದ ಕರ್ಸ್ತೀವಿ. ಊಟಕ್ಕಂತೂ ಬಂದೇ ಬರ್ಬೇಕು ಮತ್ತೆ."

ಫೋನು ಇಟ್ಟ ಮೇಲೆ ಅತ್ತೆ ಒಂದು ಜೇಬನ್ನು ತಲೆಕೆಳಗಾಗಿ ಹಚ್ಚಿದಳು. ಅಂಥದ್ದು ನಾನು ಮೊದಲು ನೋಡಿರಲಿಲ್ಲ. ಹೊಲಿಗೆ ಬಿಚ್ಚುತ್ತ ಹೇಳಿದಳು. "ಇಷ್ಟ ಊರು ತಿರುಗೀನಿ. ತೌರೂರಾಗ ನನ್ನ ಕೆಲಸ ಒಬ್ರೂ ನೋಡಿಲ್ಲಪ್ಪ. ಅಲ್ಲಿ ಹೋದ್ರ ನಾನು ಉಂಡು ಎಲಿ ಎತ್ತಿ ಬರೋಳು, ಅಷ್ಟ. ಇದೊಂದು ನೆಟ್ಟಗಾದ್ರ ಸಾಕು. ನೀ ತಗಿ. ನಾ ಮಂದೀನ ನಿಂದರಸ್ತೀನಿ."

ಹೀಗೆ ಅತ್ತೆಯ ಮಾನ ನನ್ನ ಕುತ್ತಿಗೆಗೆ ಬಿತ್ತು. ಹಳೆಯ ಕ್ಯಾಮೆರಾವನ್ನು ಅವಳು ಸೂಜಿ ದಾರದ ಜೊತೆ ಚೀಲದಲ್ಲಿ ಇಟ್ಟುಕೊಂಡಳು. "ಸುಮ್ನ ಬರ್ಲಿ, ಅದಕ್ಕೂ ನಮ್ಮೂರು ತೋರಿಸಿದಂಗಾತು."

ಮದುವೆಯ ಬೆಳಿಗ್ಗೆ ಛತ್ರದಲ್ಲಿ ಮೊದಲು ಹೆಣ್ಣಿನ ಕಡೆಯ ಬಳಗದ ಫೋಟೋ. ಅತ್ತೆ ಎಲ್ಲರನ್ನೂ ಹಗ್ಗಕ್ಕೆ ಸಿಗಿಸಿದಂತೆ ನಿಲ್ಲಿಸಿ, "ಉಸುರು ಹಿಡೀರಿ" ಎಂದಳು. ನಾನು ತೆಗೆದೆ, ಮೌನವಾಗಿ. ತೆಗೆದದ್ದು ಎಷ್ಟು ಚೆನ್ನಾಗಿ ಬಂದಿದೆ ಎಂದು ಪರದೆಯಲ್ಲಿ ನೋಡಿ ನನ್ನನ್ನು ನಾನೇ ಮೆಚ್ಚಿಕೊಂಡೆ. ತಲೆ ಎತ್ತಿದರೆ ಯಾರೂ ಕದಲಿರಲಿಲ್ಲ. ಮದುಮಗಳ ತಾತನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ತೆಗುದ್ಯೇನಪ್ಪಾ?" ಎಂದ ದೊಡ್ಡಪ್ಪ, ತುಟಿ ಅಲ್ಲಾಡಿಸದೆ.

"ಆಗ್ಲೇ ಆಯ್ತು."

ಅತ್ತೆ "ಬಿಡ್ರಿ, ಬಿಡ್ರಿ" ಎಂದು ಓಡಿ ತಾತನ ಬೆನ್ನು ಸವರಿದಳು. ತಾತ ಬಿಟ್ಟ ಉಸಿರಿಗೆ ಎದುರಿನ ಬಾಳೆಲೆ ಅಲ್ಲಾಡಿತು ಎಂದು ನಾನು ಹೇಳುವುದುಂಟು. ಅಲ್ಲೇ ಇದ್ದ ಮಾವ ಅದನ್ನು ಒಪ್ಪುವುದಿಲ್ಲ.

"ಏನ್ಲಾ ಇದು, ಫೋಟೋನಾ ಪ್ರಾಣಾಯಾಮನಾ?" ಎಂದ ದೊಡ್ಡಪ್ಪ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮುಹೂರ್ತ ಬಂತು. ಅತ್ತೆ ಅಭ್ಯಾಸಬಲದಿಂದ ಮದುಮಗನ ಕಿವಿಯ ಹತ್ತಿರ ಹೋಗಿ ತನ್ನ ಮಾತು ಹೇಳಿದಳು. ಅವನು ತಲೆಯಾಡಿಸಿದ. ಅವನ ಅಕ್ಕನ ಮದುವೆಗೆ ಫೋಟೋ ತೆಗೆದದ್ದು ಇದೇ ಅತ್ತೆ. ಅವನಿಗೆ ನಿಯಮ ಬಾಯಿಪಾಠ. ಅವನ ಕಿವಿಯಲ್ಲಿ ಹೇಳಿದ ಮಿಂಚು ಆವತ್ತು ಯಾರ ಕುತ್ತಿಗೆಯಲ್ಲೂ ಇಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅತ್ತೆ ಮದುಮಗಳ ಹಿಂದೆ ಕೂತು ಜಾರುತ್ತಿದ್ದ ಸೆರಗಿಗೆ ಪಿನ್ನು ಹಾಕತೊಡಗಿದಳು. ನಾನು ಪ್ಲಾಸ್ಟಿಕ್ ಕುರ್ಚಿ ಹತ್ತಿ ನಿಂತೆ.

ಪುರೋಹಿತರು ಕೈ ಬೀಸಿದರು. ವಾಲಗದವರು ಬಡಿದರು. ಮದುಮಗ ತಾಳಿಯನ್ನು ಮದುಮಗಳ ಕುತ್ತಿಗೆಗೆ ಹಿಡಿದ. ನಾನು ಗುಂಡಿ ಒತ್ತಿ ಹಿಡಿದೆ. ಜಡಿಮಳೆಯ ಹಾಗೆ ಫೋಟೋಗಳು, ಒಂದು ಸದ್ದಿಲ್ಲ, ಒಂದು ಬೆಳಕಿಲ್ಲ. ಮದುಮಗ ಹಾಗೆಯೇ ಹಿಡಿದುಕೊಂಡಿದ್ದ. ಎಷ್ಟು ಒಳ್ಳೆಯ ಹುಡುಗ, ಫೋಟೋಗೆ ಎಷ್ಟು ಸಹಕರಿಸುತ್ತಾನೆ ಎಂದುಕೊಂಡೆ.

ವಾಲಗದವರ ಉಸಿರು ಸಣ್ಣಗಾಗತೊಡಗಿತು. ಎಸೆಯಲು ಎತ್ತಿದ ಅಕ್ಷತೆ ಕೈಗಳಲ್ಲೇ ಬೆವರಿತು.

"ಕಟ್ಟವಯ್ಯಾ" ಎಂದರು ಪುರೋಹಿತರು ತೆಲುಗಿನಲ್ಲಿ. ಮದುಮಗ ಕಟ್ಟಲಿಲ್ಲ.

"ಹುಡುಗನ್ಗೆ ಇಷ್ಟ ಇಲ್ವೇನೋ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಆ ಮಾತು ಕುರ್ಚಿಯಿಂದ ಕುರ್ಚಿಗೆ ಹೋದದ್ದು ನನಗೆ ಕುರ್ಚಿಯ ಮೇಲಿಂದಲೇ ಕಂಡಿತು. ಅತ್ತೆಯ ಗೆಳತಿ ಕಂಬ ಹಿಡಿದುಕೊಂಡಳು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಮಂಟಪದ ಕಡೆಗೆ ಹೊರಟ.

ಅತ್ತೆ ತಲೆ ಎತ್ತಿದಳು. ಮದುಮಗನ ಕಣ್ಣು ಹುಡುಗಿಯ ಮೇಲಿಲ್ಲ. ನನ್ನ ಕ್ಯಾಮೆರಾದ ತಲೆಯ ಮೇಲೆ ಏನನ್ನೋ ಕಾಯುತ್ತಿತ್ತು. ಅತ್ತೆಗೆ ತಿಳಿಯಿತು. ಚೀಲಕ್ಕೆ ಕೈ ಹಾಕಿದಳು. ಜಿಪ್ಪು ಸಿಕ್ಕಿಕೊಂಡಿತು. ಊರಿಗೆಲ್ಲ ಜಿಪ್ಪು ಕೂರಿಸುವ ಮಾವನ ಕೈಯ ಜಿಪ್ಪು. ಅತ್ತೆ ಅದನ್ನು ಹಲ್ಲಿನಿಂದ ಕಚ್ಚಿ ಎಳೆದು, ಹಳೆಯ ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ, ಕಣ್ಣೂ ಇಡದೆ ಒತ್ತಿದಳು.

ಫಳ್.

ಮದುಮಗ ಗಂಟು ಹಾಕಿದ. ಒಂದು, ಎರಡು, ಮೂರು, ಅಚ್ಚುಕಟ್ಟಾಗಿ. ಇಡೀ ಛತ್ರ ಉಸಿರು ಬಿಟ್ಟಿತು. "ಬಿಡ್ರಿ" ಎಂದು ಯಾರೂ ಹೇಳಬೇಕಾಗಲಿಲ್ಲ.

"ಯಾಕಪ್ಪಾ ಅಂಗೆ ನಿಂತ್ಕಂಡೆ? ನಮ್ ಜೀವ ಹೋಗಿತ್ತಲ್ಲೋ" ಎಂದ ದೊಡ್ಡಪ್ಪ.

"ಮಿಂಚು ಬರ್ಲಿಲ್ಲಲ್ರಿ ಮತ್ತ" ಎಂದ ಮದುಮಗ. "ಈ ಫೋಟೋ ಅಕ್ಕಾರು ಅಲ್ಲೀತನಕ ಗಂಟು ಬ್ಯಾಡ ಅಂದಿದ್ರು."

ಎಲ್ಲರೂ ಅತ್ತೆಯ ಕಡೆಗೆ ನೋಡಿದರು. ಅತ್ತೆ ನನ್ನ ಕಡೆಗೆ ನೋಡಿದಳು. 'ರಿ' ಉದುರಿತ್ತು.

"ಏನ್ಲಾ ನೋಡ್ತಾ ಇದ್ದೆ ಅಲ್ಲಿ ಕುರ್ಚಿ ಮ್ಯಾಲೆ, ಹುಣಸೇಮರದ ಗೂಬೆ ಕುಂತಂಗೆ? ಹುಡುಗ ನಿಂತವ್ನೆ ಅಂತ ಕಾಣ್ನಿಲ್ವೇನ್ಲಾ?"

ನಾನು ಇಳಿಯಲು ಹೋದೆ. ಕುರ್ಚಿ ಮೊದಲು ಇಳಿಯಿತು. ಕ್ಯಾಮೆರಾವನ್ನು ಕಾಪಾಡಲು ಹೋಗಿ ನಾನು ಹೂವಿನ ಬುಟ್ಟಿಯಲ್ಲಿ ಕೂತೆ. ಮೊದಲು ನಕ್ಕವನು ದೊಡ್ಡಪ್ಪ. ಪಂಚೆ ಇಳಿಸಿಕೊಂಡು, ಕಣ್ಣೊರೆಸಿಕೊಂಡು, ಅತ್ತೆಗೆ ಹೇಳಿದ. "ನಿನ್ ಡಬ್ಬಾ ಬ್ಯಾಡ ಅಂದೋನು ನಾನೇ ಕಣಮ್ಮ. ಅದು ಇಲ್ದಿದ್ರೆ ಈ ಹೊತ್ತಿಗೆ ನಾವು ಬೀಗ್ರು ಜಗಳಾಡ್ತಾ ಇರ್ತಿದ್ವಿ."

"ಅದು ಬ್ಯಾಡ ಅಂದಿದ್ಕೇ ಅಲ್ವಾ ನಾನು ಚೀಲದಾಗೆ ಮುಚ್ಚಿಟ್ಟಿದ್ದು" ಎಂದಳು ಅತ್ತೆ, ಇನ್ನೂ ತೌರಿನ ಮಾತಿನಲ್ಲೇ. "ಹೋಗ್ಲಿ ಬಿಡಣ್ಣ. ನಿಂತ್ಕೋ, ನಿಂದೂ ಒಂದು ತೆಗೀತೀನಿ." ದೊಡ್ಡಪ್ಪ ಕಾಲು ಜೋಡಿಸಿ ನಿಂತ. ಹೇಳದೆಯೇ ಉಸಿರು ಹಿಡಿದ.

ಮನೆಗೆ ಬಂದು ಎರಡೂ ಕ್ಯಾಮೆರಾದ ಫೋಟೋ ನೋಡಿದೆವು. ಅತ್ತೆ ಕಣ್ಣಿಡದೆ ತೆಗೆದ ಮುಹೂರ್ತದಲ್ಲಿ ಪುರೋಹಿತರ ಕಿವಿ, ಮದುಮಗನ ಬೆರಳುಗಳು, ತಾಳಿ, ಹಿಂದೆ ಕುರ್ಚಿಯ ಮೇಲೆ ಬಾಯಿ ತೆರೆದ ನಾನು. ನನ್ನದರಲ್ಲಿ ನಾವು ಯಾರೂ ಗಮನಿಸದ ಒಂದು ಸಂಗತಿ ಇತ್ತು. ಎಲ್ಲರೂ ಗಾಬರಿಯಾಗಿದ್ದ ಆ ಹೊತ್ತಿನಲ್ಲಿ ಮದುಮಗಳು ಮೆಲ್ಲಗೆ ಕತ್ತು ತಿರುಗಿಸಿ ಗಂಡಿಗೆ ಏನೋ ಕೇಳಿದ್ದಾಳೆ, ಕೇಳಿ ತಾನೇ ನಕ್ಕಿದ್ದಾಳೆ. ಕೇಳಿದ್ದು "ಕಟ್ತೀರೋ, ನಾನೇ ಕಟ್ಕಳ್ಲೋ?" ಎಂದು ಆಮೇಲೆ ತಿಳಿಯಿತು. ಟಕ್ ಅಂದಿದ್ದರೆ, ಫಳ್ ಅಂದಿದ್ದರೆ ಅವಳು ನೆಟ್ಟಗೆ ಕೂತುಬಿಡುತ್ತಿದ್ದಳು.

ಅತ್ತೆ ಆ ನಗುವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಬಟ್ಟೆಯ ನಯ ನೋಡುವ ಹಾಗೆ. "ಇದು ನನ್ನ ಕೈಲಿ ಆಗ್ತಿರಲಿಲ್ಲಪ್ಪ" ಎಂದಳು.

ಈಗ ಮಡಕಶಿರದ ಕಡೆಯ ಮದುವೆಗಳಿಗೆಲ್ಲ ನಾವೇ. "ಎರಡೂ ತಗಂಡ್ ಬನ್ನಿ" ಎಂದು ಹೇಳಿಯೇ ಕರೆಯುತ್ತಾರೆ. ಅತ್ತೆಗೆ ಮಂಡಿನೋವು, ಮಂಟಪ ಹತ್ತುವುದಿಲ್ಲ. ಮೊದಲ ಸಾಲಿನ ನಡುವಿನ ಕುರ್ಚಿ ಅವಳದು. ತೊಡೆಯ ಮೇಲೆ ಹಳೆಯ ಕ್ಯಾಮೆರಾ. ನಾನು ಮೇಲೆ ಸದ್ದಿಲ್ಲದೆ ತೆಗೆಯುತ್ತಿರುತ್ತೇನೆ. ತಾಳಿ ಹಿಡಿದ ಮದುಮಗ ಅತ್ತೆಯ ಕಡೆಗೆ ನೋಡುತ್ತಾನೆ, ಪುರೋಹಿತರೂ ನೋಡುತ್ತಾರೆ. ಅತ್ತೆ ನಿಧಾನವಾಗಿ, ಸೆರಗು ಸರಿಮಾಡಿಕೊಂಡು, ಮಿಂಚು ಕೊಡುತ್ತಾಳೆ. ಆ ಒಂದು ಗಳಿಗೆ ಯಾವ ಊರಿನಲ್ಲಾದರೂ ಅವಳದೇ.

ಹೋದ ಆಷಾಢದಲ್ಲಿ ರಾಯದುರ್ಗಕ್ಕೆ ಹೋದಾಗ ಗಮನಿಸಿದೆ, ಆ ಮನೆಯಲ್ಲಿ ಅತ್ತೆಯದೇ ಒಂದು ಫೋಟೋ ಇಲ್ಲ. ಅವಳು ಯಾವಾಗಲೂ ಕಿಂಡಿಯ ಈಚೆಗಿದ್ದವಳು. ಹೊಲಿಗೆ ಯಂತ್ರದ ಮುಂದೆ ಕೂರಿಸಿದೆ. ಕೈ ತೊಡೆಯ ಮೇಲಿಟ್ಟು, ಗದ್ದ ಎತ್ತಿ, ಉಸಿರು ಹಿಡಿದಳು. ನಾನು ನನ್ನ ಕ್ಯಾಮೆರಾ ಹಿಡಿದು ಸುಮ್ಮನೆ ನಿಂತವನ ಹಾಗೆ ನಿಂತೆ.

ಕಾದಳು. ಕಣ್ಣು ಪಿಳಿಪಿಳಿ ಮಾಡಿದಳು. ಕೊನೆಗೆ ಬುಸ್ ಎಂದು ಬಿಟ್ಟು, "ಹೊಡೀತೀಯೋ ಇಲ್ಲೋ, ಮುದುಕೀನ ಸಾಯಿಸ್ತೀಯೇನಲೇ" ಎಂದು ನಕ್ಕಳು. ಅಷ್ಟರಲ್ಲಿ ನನ್ನದು ಮುಗಿದಿತ್ತು. ಆದರೂ ಅವಳ ಹಳೆಯ ಕ್ಯಾಮೆರಾ ಎತ್ತಿಕೊಂಡೆ. ಅದನ್ನು ಕಂಡದ್ದೇ ಅವಳು ಮತ್ತೆ ನೆಟ್ಟಗಾಗಿ ಉಸಿರು ಹಿಡಿದಳು, ನಾನು ನೀಲಿ ಗುಂಡಿ ಒತ್ತಿದೆ. ಟಕ್. ಫಳ್.

"ಹಾಂ, ಈಗ ಬಂತು ನೋಡು" ಎಂದು ಎದ್ದಳು.

ಗೋಡೆಗೆ ಅವಳು ಹಾಕಿಸಿದ್ದು ಆ ಎರಡನೆಯದನ್ನೇ. ನೆಟ್ಟಗೆ, ಗಂಭೀರವಾಗಿ, ಹಗ್ಗದ ಮೇಲಿನ ಪ್ಯಾಂಟಿನ ಹಾಗೆ ಕೂತಿದ್ದಾಳೆ. ಮಿಂಚಿಗೆ ಮುಖವೆಲ್ಲ ಬೆಳ್ಳಗಾಗಿ ಕಣ್ಣಿನ ಸುತ್ತಲಿನ ಗುರುತು ಅಳಿಸಿಹೋಗಿದೆ. ನನ್ನದನ್ನು ತೋರಿಸಿದರೆ, "ಅದು ಫೋಟೋ ಅಲ್ಲಪ್ಪ, ನಾ ಬೈಯೂದು" ಎಂದಳು.

ಅದು ಮಡಕಶಿರದಲ್ಲಿ ನನ್ನ ಮಂಚದ ಎದುರಿಗಿದೆ. ಬಾಯಿ ತೆರೆದು ನಗುತ್ತಾ ಬೈಯುತ್ತಿದ್ದಾಳೆ. ತೆಗೆದದ್ದು ಆಷಾಢದಲ್ಲಾದರೂ, ಬಲಗಣ್ಣಿನ ಸುತ್ತ ಆ ಗುರುತು ಸಣ್ಣಗೆ ಕಾಣುತ್ತದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವ ಮುಂಚೆ ನಾನು ಒಮ್ಮೆ ಅದರ ಎದುರು ನೆಟ್ಟಗೆ ನಿಲ್ಲುತ್ತೇನೆ. ಆಮೇಲೆ ಉಸಿರು ಬಿಟ್ಟು ಹೊರಡುತ್ತೇನೆ.